ಅಕ್ಷರಗಳ ಧ್ವನಿಗೆ ಒಂದೇ ಕೋಡ್, ಪಾಠ ಮಾತ್ರ ಊರೂರಿಗೆ ಬೇರೆ

ತಮಿಳು ಬರಹದಲ್ಲಿ ಕ, ಖ, ಗ, ಘಗಳಿಗೆ ಇರುವುದು ಒಂದೇ ಅಕ್ಷರ. ಮರಾಠಿ ವರ್ಣಮಾಲೆಯಲ್ಲಿ ಎ–ಏ, ಒ–ಓಗಳ ಹ್ರಸ್ವ–ದೀರ್ಘ ಭೇದವಿಲ್ಲ. ಆದುದರಿಂದ ತಾಳವಾಡಿ, ಹೊಸೂರುಗಳಲ್ಲಿ ತಮಿಳನ್ನೂ ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿಯನ್ನೂ ಓದುತ್ತಿರುವ ನಮ್ಮ ಮಕ್ಕಳು ಕನ್ನಡದ ಅಕ್ಷರಗಳನ್ನು ಕಣ್ಣಿನಿಂದ ಗುರುತಿಸಿದರೆ ಸಾಲದು, ಕಿವಿಯಿಂದಲೂ ಕಲಿಯಬೇಕು. ಅಕ್ಷರವನ್ನು ಮುಟ್ಟಿದೊಡನೆ ಉಚ್ಚಾರವನ್ನು ಕೇಳಿಸುವ ಮೊಬೈಲ್ ಆ್ಯಪ್ ಇದಕ್ಕೆ ಒಳ್ಳೆಯ ಸಾಧನ. ಅದನ್ನು ರಚಿಸಲು ಮುಂದಾಗುವ ಶಿಕ್ಷಕರಿಗೂ ಯುವಕರಿಗೂ ಧ್ವನಿಯ ಕೋಡನ್ನು ಬರೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಹೊಸಬರು ಸಾಮಾನ್ಯವಾಗಿ ಪ್ರತಿಯೊಂದು ಗುಂಡಿಯ ಹಿಂದೆಯೂ ಧ್ವನಿ ನುಡಿಸುವ ಸಾಲುಗಳನ್ನು ನಕಲು ಮಾಡುತ್ತಾರೆ. ವರ್ಣಮಾಲೆಯ 49 ಅಕ್ಷರಗಳಿಗೆ 49 ನಕಲುಗಳಾಗುತ್ತವೆ. ಒಂದರಲ್ಲಿ ದೋಷವನ್ನು ತಿದ್ದಿದರೂ ಉಳಿದ 48ರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಬದಲಾಗಿ, ಧ್ವನಿಗೆಂದೇ ಒಂದು ಪ್ರತ್ಯೇಕ ಕ್ಲಾಸ್ ಬರೆಯಬೇಕು. ಪರದೆಗಳು ಅದಕ್ಕೆ ಅಕ್ಷರವನ್ನು ತಿಳಿಸಿದರೆ ಸಾಕು.

ಈ ಕ್ಲಾಸಿಗೆ ಮೂರು ಹೊಣೆಗಳಿವೆ: ಧ್ವನಿಯನ್ನು ತುಂಬಿಸಿಕೊಳ್ಳುವುದು, ನುಡಿಸುವುದು, ಕೆಲಸ ಮುಗಿದ ಮೇಲೆ ಸ್ಮೃತಿಯನ್ನು ಬಿಟ್ಟುಕೊಡುವುದು. ಆಂಡ್ರಾಯ್ಡ್‌ನಲ್ಲಿ ಚಿಕ್ಕ ಧ್ವನಿಗಳಿಗೆ ಸೌಂಡ್‌ಪೂಲ್, ದೀರ್ಘವಾದ ಕಥೆ–ಹಾಡುಗಳಿಗೆ ಮೀಡಿಯಾಪ್ಲೇಯರ್ ತಕ್ಕುದು. ಸೌಂಡ್‌ಪೂಲ್ ಧ್ವನಿಗಳನ್ನು ಹಿನ್ನೆಲೆಯಲ್ಲಿ ತುಂಬಿಕೊಳ್ಳುತ್ತದೆ. ತುಂಬುವ ಮೊದಲೇ ನುಡಿಸಲು ಹೇಳಿದರೆ ಏನೂ ಕೇಳಿಸದು; ಮಗು ತನ್ನದೇ ತಪ್ಪೆಂದು ಭಾವಿಸೀತು. ಆದುದರಿಂದ ‘ತುಂಬಿ ಮುಗಿಯಿತು’ ಎಂಬ ಸೂಚನೆ ಬಂದ ಮೇಲೆಯೇ ಗುಂಡಿಗಳನ್ನು ತೆರೆಯಬೇಕು. ಏಕಕಾಲಕ್ಕೆ ನುಡಿಯುವ ಧ್ವನಿಗಳ ಮಿತಿಯನ್ನು 1 ಎಂದಿಟ್ಟರೆ, ಮಗು ಬೇಗ ಬೇಗ ಮುಟ್ಟಿದರೂ ಎರಡು ಅಕ್ಷರಗಳ ಉಚ್ಚಾರ ಒಂದರ ಮೇಲೊಂದು ಬೀಳುವುದಿಲ್ಲ. ಧ್ವನಿಗಳು ಆ್ಯಪ್‌ನೊಳಗೇ ಇದ್ದರೆ ಅಂತರ್ಜಾಲದ ಹಂಗೂ ಇಲ್ಲ.

ಕಡತಗಳ ಹೆಸರಿನ ವಿಷಯದಲ್ಲಿ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕು. ಆಂಡ್ರಾಯ್ಡ್‌ನ ಸಂಪನ್ಮೂಲ ಕಡತಗಳ ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ ಮತ್ತು ಅಡಿಗೆರೆಗಳಿಗೆ ಮಾತ್ರ ಅವಕಾಶ. ಕಂಪ್ಯೂಟರಿನಲ್ಲಿ ರೋಮನ್ ಮೂಲಕ ಕನ್ನಡ ಬರೆಯುವಾಗ ಲಕಾರಕ್ಕೆ ಸಣ್ಣಕ್ಷರವನ್ನೂ ಳಕಾರಕ್ಕೆ ದೊಡ್ಡಕ್ಷರವನ್ನೂ ಬಳಸುವುದು ರೂಢಿ. ಇಲ್ಲಿ ಆ ಭೇದ ಅಳಿಯುತ್ತದೆ. ಎರಡಕ್ಕೂ ಒಂದೇ ಹೆಸರಾಗಿ, ‘ಬೆಳೆ’ ಕಲಿಯಬೇಕಾದ ಮಗುವಿಗೆ ‘ಬೆಲೆ’ ಕೇಳಿಸೀತು. ಯುನಿಕೋಡ್ ಸಂಖ್ಯೆಗಳೇ ಇದಕ್ಕೆ ಪರಿಹಾರ: ದಶಮಾನದಲ್ಲಿ ಲ 3250, ಳ 3251, ನ 3240, ಣ 3235. ಹೆಸರು ಅಂಕಿಯಿಂದ ಆರಂಭವಾಗಬಾರದಾದುದರಿಂದ ಮುಂದೆ ಒಂದು ರೋಮನ್ ಸಣ್ಣಕ್ಷರವನ್ನು ಸೇರಿಸಬೇಕು.

ಯಾವ ಅಕ್ಷರಕ್ಕೆ ಯಾವ ಕಡತ, ಯಾವ ಪಾಠದಲ್ಲಿ ಯಾವ ಅಕ್ಷರಗಳು ಎಂಬ ಪಟ್ಟಿಯನ್ನು ಕೋಡಿನಿಂದ ಹೊರಗೆ, ಬೇರೊಂದು ಕಡತದಲ್ಲಿ ಇಡುವುದು ಮೇಲು. ಆಗ ತಾಳವಾಡಿಗೆ ಕ–ಗ ಪಾಠವನ್ನೂ ಅಕ್ಕಲಕೋಟೆಗೆ ಎ–ಏ ಪಾಠವನ್ನೂ ಕೊಡಲು ಪಟ್ಟಿಯನ್ನಷ್ಟೇ ಬದಲಿಸಿದರಾಯಿತು. ಕಾಸರಗೋಡಿನ ಶಿಕ್ಷಕಿಯೊಬ್ಬರು ತಮ್ಮ ದನಿಯಲ್ಲಿ ಮುದ್ರಿಸಿದ ಅಕ್ಷರಗಳನ್ನು ಸೇರಿಸಲೂ ಕೋಡನ್ನು ಮುಟ್ಟಬೇಕಿಲ್ಲ.

ಆ್ಯಪ್ ಹಂಚುವ ಮೊದಲು ಕನ್ನಡ ಶಿಕ್ಷಕರೊಬ್ಬರನ್ನು ಕೂರಿಸಿ 49 ಗುಂಡಿಗಳನ್ನೂ ಒತ್ತಿಸಿ ಕೇಳಿಸಬೇಕೆಂಬುದು ನಮ್ಮ ವಿನಂತಿ. ಕೋಡಿನ ದೋಷವನ್ನು ಯಂತ್ರ ತೋರಿಸೀತು. ಉಚ್ಚಾರದ ದೋಷವನ್ನು ಹಿಡಿಯಲು ಕನ್ನಡದ ಕಿವಿಯೇ ಬೇಕು.