ಕೊರಡು ಬೇಡ, ಬೈಹುಲ್ಲು ಸಾಕು: ಮನೆಯಲ್ಲೇ ಅಣಬೆ ಬೆಳೆ

ಮುಂಗಾರಿನ ಗುಡುಗು ಕೇಳಿಸಿದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಾಡಿ, ಗುಡ್ಡಗಳಲ್ಲಿ ಅಣಬೆ ಹುಡುಕುವವರ ಓಡಾಟ ಶುರುವಾಗುತ್ತದೆ. ಹುತ್ತದ ಮೇಲೆ ಏಳುವ ಆ ರುಚಿಯಾದ ಅಣಬೆಯನ್ನು ಮನೆಯಲ್ಲಿ ಬೆಳೆಯಲಾಗದೇ ಎಂದು ನೀವು ಕೇಳಬಹುದು. ಆಗದು. ಅದು ಗೆದ್ದಲು ತನ್ನ ಗೂಡಿನೊಳಗೆ ಸಾಕಿಕೊಳ್ಳುವ ಶಿಲೀಂಧ್ರ. ಆದರೆ ಸತ್ತ ಮರದ ಮೇಲೆ ಬೆಳೆಯುವ ಕೆಲವು ಅಣಬೆಗಳನ್ನು ನಾವೂ ಸಾಕಬಹುದು.

ಜಪಾನಿನಲ್ಲಿ ಓಕ್ ಜಾತಿಯ ಮರದ ದಿಮ್ಮಿಗೆ ತೂತು ಕೊರೆದು, ಬೀಜ ತುಂಬಿ ಶಿಟಾಕೆ ಅಣಬೆ ಬೆಳೆಯುತ್ತಾರೆ. ಮೊದಲ ಫಸಲಿಗೆ ಆರು ತಿಂಗಳಿಂದ ಒಂದೂವರೆ ವರ್ಷ ಕಾಯಬೇಕು. ತಂಪು ಹವೆಯೂ ಬೇಕು. ಕರಾವಳಿಯ ಸೆಕೆ ಅದಕ್ಕೆ ಒಗ್ಗದು. ನೆಲಕ್ಕೆ ತಾಗಿದ ಕೊರಡನ್ನು ಇಲ್ಲಿ ಗೆದ್ದಲೂ ಬಿಡದು. ನಮಗೆ ಹೊಂದುವುದು ಚಿಪ್ಪು ಅಣಬೆ. ಕಾಡಿನಲ್ಲಿ ಇದೂ ಕೊರಡಿನ ಮೇಲೆಯೇ ಬೆಳೆಯುತ್ತದೆ. ಮರದಲ್ಲಿರುವ ಸೆಲ್ಯುಲೋಸ್, ಲಿಗ್ನಿನ್‌ಗಳು ಭತ್ತದ ಬೈಹುಲ್ಲಿನಲ್ಲೂ ಇವೆ. ಹುಲ್ಲು ಮೆದುವಾದ್ದರಿಂದ ವರ್ಷದ ಕೆಲಸ ತಿಂಗಳಲ್ಲಿ ಆಗುತ್ತದೆ.

ಮಳೆಗೆ ನೆನೆದು ಕಪ್ಪಾಗದ ಹೊಸ ಹುಲ್ಲನ್ನು ಆರಿಸಿ. ಎರಡು ಅಂಗುಲದ ತುಂಡು ಮಾಡಿ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿ. ಬಳಿಕ ಬಚ್ಚಲ ಹಂಡೆಯಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ, ಅಂದರೆ ಕುದಿ ಬರುವ ಮೊದಲಿನ ಬಿಸಿಯಲ್ಲಿ, ಒಂದು ಗಂಟೆ ಮುಳುಗಿಸಿಡಿ. ಈ ಹಂತವನ್ನು ಅವಸರ ಮಾಡಬೇಡಿ. ಹುಲ್ಲಿನಲ್ಲಿ ಅಡಗಿರುವ ಬೂಷ್ಟು ಸಾಯದಿದ್ದರೆ, ನಿಮ್ಮ ಅಣಬೆಗಿಂತ ಮೊದಲು ಅದೇ ಹುಲ್ಲನ್ನೆಲ್ಲ ಆವರಿಸುತ್ತದೆ. ನೀರು ಬಸಿದು ಆರಹಾಕಿ. ಹಿಂಡಿದರೆ ಅಂಗೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು.

ಅಣಬೆ ಬೀಜವೆಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸಿದ ಶಿಲೀಂಧ್ರದ ಬಿಳಿ ಎಳೆಗಳು. ಒಂದು ಕಿಲೋ ಒಣಹುಲ್ಲಿಗೆ ಸುಮಾರು 100 ಗ್ರಾಂ ಸಾಕು. ಕೈಯನ್ನು ಸಾಬೂನಿನಿಂದ ತೊಳೆದು, ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅದರ ಮೇಲೆ ಬೀಜ, ಹೀಗೆ ನಾಲ್ಕೈದು ಪದರ ಹಾಕಿ. ಬಾಯಿ ಕಟ್ಟಿ, ಹತ್ತು ಹನ್ನೆರಡು ಸಣ್ಣ ತೂತು ಮಾಡಿ, ಕತ್ತಲೆ ಕೋಣೆಯಲ್ಲಿಡಿ. 15ರಿಂದ 20 ದಿನಗಳಲ್ಲಿ ಒಳಗೆಲ್ಲ ಬೆಳ್ಳಗೆ ಹೆಣೆದುಕೊಳ್ಳುತ್ತದೆ. ಆಗ ಚೀಲ ಕತ್ತರಿಸಿ ತೆಗೆದು, ಗಾಳಿ ಮತ್ತು ಮಂದ ಬೆಳಕಿರುವಲ್ಲಿ ತೂಗುಹಾಕಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಸುಮಾರು ಒಂದು ವಾರದಲ್ಲಿ ಮೊಗ್ಗು ಕಾಣುತ್ತದೆ.

ಅಣಬೆಯ ಅಂಚು ಸುರುಳಿಕೊಳ್ಳುವ ಮೊದಲೇ ಕೊಯ್ಯಿರಿ. ತಡವಾದರೆ ಉದುರುವ ಬೀಜಕಣಗಳಿಂದ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ. ಮಲಗುವ ಕೋಣೆಯಲ್ಲಿ ಈ ಬೆಳೆ ಬೇಡ. ಎರಡು ಮೂರು ಕೊಯ್ಲಿನಲ್ಲಿ ಕಿಲೋ ಹುಲ್ಲಿಗೆ ಅರ್ಧದಿಂದ ಒಂದು ಕಿಲೋ ಅಣಬೆ ಸಿಗುತ್ತದೆ. ಜೂನ್‌ನಿಂದ ಫೆಬ್ರವರಿವರೆಗೆ ಸಕಾಲ. ಉಳಿದ ಹುಲ್ಲು ತೆಂಗಿನ ಬುಡಕ್ಕೆ ಗೊಬ್ಬರ.

ಹಸಿರು ಬೂಷ್ಟು ಕಂಡ ಚೀಲವನ್ನು ಬಿಚ್ಚದೆ ಹೊರಗೆ ಸಾಗಿಸಿ. ಬಿತ್ತಿದ ಅಣಬೆಯಲ್ಲದೆ ಬೇರೆ ಜಾತಿಯ ಕೊಡೆ ಎದ್ದರೆ ಕಿತ್ತೆಸೆಯಿರಿ, ತಿನ್ನಬೇಡಿ. ಗುಡ್ಡದ ಅಪರಿಚಿತ ಅಣಬೆಗೂ ಇದೇ ಮಾತು. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ನಂಬಿಕೆ ಸುಳ್ಳು. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗದು. ವಾಂತಿ, ಭೇದಿ ನಿಂತ ಮೇಲೂ ಒಳಗೊಳಗೇ ಯಕೃತ್ತನ್ನು ಕೆಡಿಸುತ್ತದೆ. ಯಾವ ಬೀಜ ಬಿತ್ತಿದ್ದೇವೆಂದು ತಿಳಿದು ತಿನ್ನುವುದೇ ಮನೆ ಬೆಳೆಯ ದೊಡ್ಡ ಲಾಭ.

ತರಬೇತಿ ಮತ್ತು ಬೀಜದ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೊದಲು ಎರಡೇ ಚೀಲ ಕಟ್ಟಿ ನೋಡಿ. ಕೊಯ್ದ ಅಣಬೆ ಹೆಚ್ಚು ದಿನ ಬಾಳದು. ಮಾರುವ ಆಸೆಯಿದ್ದರೆ ಚೀಲದ ಸಂಖ್ಯೆ ಹೆಚ್ಚಿಸುವ ಮುನ್ನ ಗಿರಾಕಿಗಳನ್ನು ಗೊತ್ತುಮಾಡಿಕೊಳ್ಳಿ.