ಬಿಟ್ಟಿ ತಂತ್ರಾಂಶಕ್ಕೊಂದು ಒರೆಗಲ್ಲು

“ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ” ಎಂಬ ಗಾದೆ ಹುಟ್ಟಿದ್ದು ಗಣಕಯಂತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲು. ಆದರೂ ವಿಂಡೋಸ್ ಗಣಕವಿರುವ ಇಂದಿನ ಮನೆಗಳನ್ನು ನೋಡಿದರೆ, ಅದು ಇವರಿಗಾಗಿಯೇ ಹುಟ್ಟಿತೇನೋ ಎನ್ನಿಸುತ್ತದೆ. ಕಸ ಗುಡಿಸುವುದೊಂದು, ವೇಗ ಹೆಚ್ಚಿಸುವುದೊಂದು, ವೈರಸ್ ತಡೆಯುವುದೊಂದು, ಅಳಿಸಿಹೋದ ಕಡತವನ್ನು ಮರಳಿ ತರುವುದೊಂದು—ಹೀಗೆ ಹತ್ತಾರು ಉಚಿತ ತಂತ್ರಾಂಶಗಳು, ಕರೆದವರಾರೆಂದು ನೆನಪಿಲ್ಲದ ಅತಿಥಿಗಳಂತೆ, ಗಣಕದೊಳಗೆ ಬೀಡುಬಿಟ್ಟಿರುತ್ತವೆ. ಇವುಗಳಲ್ಲಿ ನೆಚ್ಚತಕ್ಕವು ಯಾವುವು, ದೂರವಿಡತಕ್ಕವು ಯಾವುವು ಎಂದು ಅರಿಯುವ ಬಗೆ ಹೇಗೆ?

ಪ್ರಶ್ನೆ ಅಲ್ಪವಾದುದಲ್ಲ. ಬ್ಯಾಂಕಿನ ವ್ಯವಹಾರ, ಮನೆಯ ಪತ್ರಗಳ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಭಾವಚಿತ್ರ—ಎಲ್ಲವೂ ಈಗ ಆ ಒಂದು ಪೆಟ್ಟಿಗೆಯಲ್ಲಿಯೇ ಇವೆ. ಹೊಸ ತಂತ್ರಾಂಶವನ್ನು ಸ್ಥಾಪಿಸುವಾಗ, ಬದಲಾವಣೆಗೆ ಅನುಮತಿಯುಂಟೇ ಎಂದು ವಿಂಡೋಸ್ ಕೇಳುತ್ತದೆ. ನಾವು ಓದದೆಯೇ ‘ಹೌದು’ ಎನ್ನುತ್ತೇವೆ. ಅಲ್ಲಿಗೆ ಮನೆಯ ಬೀಗದ ಕೈಗೊಂಚಲನ್ನೇ ಅಪರಿಚಿತನ ಕೈಗಿತ್ತಂತಾಯಿತು.

ಹೆಸರುವಾಸಿಯಾದುದನ್ನು ಆರಿಸಿಕೊಂಡರೆ ಸಾಲದೆ ಎಂದು ವಾಚಕರು ಕೇಳಬಹುದು. ಅದಕ್ಕೆ ಸಿಸಿಕ್ಲೀನರ್‌ನ ಕಥೆಯೇ ಉತ್ತರ. ಲಂಡನ್ನಿನ ಪಿರಿಫಾರ್ಮ್ ಸಂಸ್ಥೆಯ ಈ ತಂತ್ರಾಂಶವು ಗಣಕದ ಕಸ ಗುಡಿಸುವುದರಲ್ಲಿ ಜಗತ್ಪ್ರಸಿದ್ಧವಾಗಿತ್ತು. 2017ರ ಜುಲೈನಲ್ಲಿ ಆ ಸಂಸ್ಥೆಯನ್ನು ವೈರಸ್ ನಿರೋಧಕ್ಕೆ ಹೆಸರಾದ ಅವಾಸ್ಟ್ ಕೊಂಡುಕೊಂಡಿತು. ಆಗಸ್ಟ್ 15ರಂದು ಅದರ 5.33ನೆಯ ಆವೃತ್ತಿ ಹೊರಬಂದಿತು. ತಯಾರಕರ ಡಿಜಿಟಲ್ ಸಹಿಯೂ ಅದರ ಮೇಲಿತ್ತು. ಅವರ ಸ್ವಂತ ತಾಣದಲ್ಲಿಯೇ ಅದು ದೊರೆಯುತ್ತಿತ್ತು. ಆದರೆ ಕಳ್ಳರು ಅದಕ್ಕೆ ಮೊದಲೇ ತಯಾರಕರ ಗಣಕಗಳೊಳಕ್ಕೆ ನುಗ್ಗಿ, ಆ ಆವೃತ್ತಿಯಲ್ಲಿ ತಮ್ಮ ವಿಷವನ್ನು ಬೆರೆಸಿಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಗುವ ಹೊತ್ತಿಗೆ ಅದು ಸುಮಾರು 22 ಲಕ್ಷ 70 ಸಾವಿರ ಬಳಕೆದಾರರನ್ನು ತಲುಪಿ, ಅವರವರ ಗಣಕದ ಹೆಸರು, ಅದರಲ್ಲಿದ್ದ ತಂತ್ರಾಂಶಗಳ ಪಟ್ಟಿ ಮೊದಲಾದವನ್ನು ಹೊರಗೆ ಸಾಗಿಸುತ್ತಿತ್ತು.

ಕೀರ್ತಿಯಿತ್ತು, ಸಹಿಯಿತ್ತು, ಆದರೂ ಕಾಪು ದೊರೆಯಲಿಲ್ಲ. ಸ್ಥಾಪಿಸಿದ ಪ್ರತಿಯೊಂದು ತಂತ್ರಾಂಶವೂ ಮನೆಗೆ ಇಟ್ಟ ಇನ್ನೊಂದು ಬಾಗಿಲು ಎಂಬುದನ್ನು ನಾವು ಮರೆಯಬಾರದು. ಆದುದರಿಂದ ‘ಇದು ಒಳ್ಳೆಯದೇ?’ ಎಂದು ಕೇಳುವುದಕ್ಕೆ ಮೊದಲು ‘ಇದು ಬೇಕೇ?’ ಎಂದು ಕೇಳುವುದೇ ವಿವೇಕ.

ಬೇಕೇ?

ಬಹುಪಾಲು ಕೆಲಸಗಳಿಗೆ ಏರ್ಪಾಡು ವಿಂಡೋಸ್‌ನಲ್ಲಿಯೇ ಇದೆ. ತಾತ್ಕಾಲಿಕ ಕಡತಗಳ ಕಸವನ್ನು ಸ್ಟೋರೇಜ್ ಸೆನ್ಸ್ ಗುಡಿಸುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ವೈರಸ್ ನಿರೋಧಕ ಜೊತೆಯಲ್ಲಿಯೇ ಬರುತ್ತದೆ. ಇನ್ನು ರಿಜಿಸ್ಟ್ರಿಯನ್ನು ತೊಳೆದು ವೇಗ ಕೊಡುತ್ತೇವೆನ್ನುವ ತಂತ್ರಾಂಶಗಳ ಮಾತು. ರಿಜಿಸ್ಟ್ರಿಯೆಂದರೆ ವಿಂಡೋಸ್ ತನ್ನ ಏರ್ಪಾಡುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ದಫ್ತರ. ಅದರಲ್ಲಿ ಹಳೆಯ ಸಾಲುಗಳನ್ನು ಅಳಿಸಿದರೆ ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಬೇಕಾದ ಸಾಲೊಂದು ಅಳಿಸಿಹೋದರೆ ಗಣಕವೇ ಕೆಲಸ ನಿಲ್ಲಿಸಬಹುದು. ಇಂತಹವನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ.

ತಯಾರಕನ ಜೀವನ ಹೇಗೆ?

ಬೇಕೆಂದೇ ತೋರಿದರೆ, ಎರಡನೆಯ ಪ್ರಶ್ನೆ: ಹಣ ಪಡೆಯದೆ ಕೊಡುವವನಿಗೆ ಅನ್ನ ಎಲ್ಲಿಂದ? ಇದಕ್ಕೆ ಪ್ರಾಮಾಣಿಕವಾದ ಉತ್ತರಗಳುಂಟು. ಇಗೋರ್ ಪಾವ್ಲೋವ್ 1999ರಿಂದ ಬೆಳೆಸಿಕೊಂಡು ಬಂದ, ಕಡತಗಳನ್ನು ಅಡಕಗೊಳಿಸುವ 7-ಜಿಪ್, ಹಾಗೂ ಚಲನಚಿತ್ರ ತೋರಿಸುವ ವಿಎಲ್‌ಸಿ—ಇವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮೆಚ್ಚಿದವರು ಕಾಣಿಕೆ ಸಲ್ಲಿಸಬಹುದು. ನಮ್ಮ ‘ನುಡಿ’ಯನ್ನು ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ರೂಪಿಸಿತು. ಉತ್ತರವೇ ಕಾಣದಿದ್ದಲ್ಲಿ ಮಾರಾಟದ ಸರಕು ನಾವೇ ಆಗಿರಬಹುದು. ಗ್ರಾಹಕರು ಅಂತರ್ಜಾಲದಲ್ಲಿ ನೋಡಿದುದರ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇದೇ ಅವಾಸ್ಟ್‌ಗೆ 1 ಕೋಟಿ 65 ಲಕ್ಷ ಡಾಲರ್ ತೆರುವಂತೆ ವಿಧಿಸಿತು.

ಎಲ್ಲಿಂದ ತಂದದ್ದು?

ಒಳ್ಳೆಯ ಹಾಲೂ ಕೆಟ್ಟ ಪಾತ್ರೆಯಲ್ಲಿ ಒಡೆಯುತ್ತದೆ. 2015ರಲ್ಲಿ, ಚಿತ್ರ ತಿದ್ದುವ ಗಿಂಪ್ ಎಂಬ ಉಚಿತ ತಂತ್ರಾಂಶಕ್ಕೆ ಸೋರ್ಸ್‌ಫೋರ್ಜ್ ಎಂಬ ಹೆಸರಾಂತ ತಾಣವು ಜಾಹೀರಾತಿನ ಸರಕನ್ನು ಗಂಟುಹಾಕಿ ಹಂಚಿತು. ಗಿಂಪ್ ಬಳಗವು ಪ್ರತಿಭಟಿಸಿತು. 2016ರಲ್ಲಿ ತಾಣವನ್ನು ಕೊಂಡ ಹೊಸ ಒಡೆಯರು ಈ ಪದ್ಧತಿಯನ್ನು ಕೈಬಿಟ್ಟರು. ತಯಾರಕರ ಸ್ವಂತ ತಾಣದಿಂದಲೇ ತರುವುದು ಲೇಸು. ಸ್ಥಾಪಿಸುವಾಗ ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನು ಓದಿ, ಬೇಡದವನ್ನು ಅಳಿಸಬೇಕು. ಇಳಿಸಿಕೊಂಡ ಕಡತವನ್ನು ವೈರಸ್‌ಟೋಟಲ್ ತಾಣಕ್ಕೆ ಒಪ್ಪಿಸಿದರೆ ಹತ್ತಾರು ವೈರಸ್ ನಿರೋಧಕಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಅಲ್ಲಿ ಒಪ್ಪಿಸಿದ್ದು ಇತರರ ಕೈಗೂ ಸೇರಬಹುದಾದ್ದರಿಂದ ಸ್ವಂತ ಕಾಗದಪತ್ರಗಳನ್ನು ಎಂದಿಗೂ ಕೊಡಲಾಗದು.

ಒಮ್ಮೆ ಒರೆಗೆ ಹಚ್ಚಿದರೆ ಮುಗಿಯಲಿಲ್ಲ. ಒಡೆಯರು ಬದಲಾಗುತ್ತಾರೆ, ಆವೃತ್ತಿಗಳು ಬದಲಾಗುತ್ತವೆ. 7-ಜಿಪ್‌ನಂತಹ ಸಜ್ಜನ ತಂತ್ರಾಂಶವೂ ತಾನಾಗಿ ನವೀಕರಣಗೊಳ್ಳುವುದಿಲ್ಲ. ಹೊಸ ಆವೃತ್ತಿಯನ್ನು ನಾವೇ ತಂದು ಹಾಕಬೇಕು. ಈ ಭಾನುವಾರ ಸೆಟ್ಟಿಂಗ್ಸ್ ತೆರೆದು, ಅಲ್ಲಿನ ತಂತ್ರಾಂಶಗಳ ಪಟ್ಟಿಯನ್ನು ಮನೆಮಂದಿಯೆಲ್ಲ ಕುಳಿತು ಒಮ್ಮೆ ಓದಿರಿ. ವರ್ಷದಿಂದ ಯಾರೂ ಮುಟ್ಟದಿದ್ದುದನ್ನು, ಯಾರು ತಂದರೆಂದು ಯಾರಿಗೂ ತಿಳಿಯದಿದ್ದುದನ್ನು ಗೌರವಪೂರ್ವಕವಾಗಿ ಬೀಳ್ಕೊಡಿರಿ. ಗಣಕವನ್ನು ಹಗುರಗೊಳಿಸಲು ಇದಕ್ಕಿಂತ ಉತ್ತಮವಾದ ಉಚಿತ ಉಪಾಯ ಮತ್ತೊಂದಿಲ್ಲ.