ಮೂರು ಲಕ್ಷದೊಳಗೆ ಟ್ರ್ಯಾಕ್ಟರ್ ಶೆಡ್: ಗಟ್ಟಿಯೂ ಇರಬೇಕು, ಮನೆ ಮುಂದೆ ಚೆಂದವೂ ಕಾಣಬೇಕು

ಮನೆ ಪಕ್ಕ ಶೆಡ್ ಕಟ್ಟೋಕೆ ಹೊರಟರೆ ಎರಡು ಕಡೆಯಿಂದ ಎಳೆತ ಇದ್ದದ್ದೇ. ಒಂದು ಕಡೆ ಜೇಬು, ಇನ್ನೊಂದು ಕಡೆ ಮನೆಯವರ ಕಣ್ಣು. "ಟ್ರ್ಯಾಕ್ಟರಿಗೆ ಬಂಗಲೆ ಬೇಕೇನೋ? ನಾಲ್ಕು ಕಂಬ ನೆಟ್ಟು ತಗಡು ಹೊದಿಸು, ಸಾಕು" ಅಂತ ನಮ್ಮಪ್ಪ. "ಮನೆ ಮುಂದೆ ತಗಡಿನ ಡಬ್ಬ ತಂದಿಟ್ಟಂಗೆ ಆಗಬಾರದು ಕಣಪ್ಪ" ಅಂತ ನಮ್ಮಮ್ಮ. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಕೈಲಿದ್ದದ್ದು ಕೊಬ್ಬರಿ ಮಾರಿ ಉಳಿಸಿದ ಮೂರು ಲಕ್ಷ ರೂಪಾಯಿ, ಅಷ್ಟೇ.

ನಾವು ತಿಪಟೂರು ಕಡೆಯವರು. ತೆಂಗು, ರಾಗಿ ನಮ್ಮ ಬೆಳೆ. ಟ್ರ್ಯಾಕ್ಟರ್ ಇಷ್ಟು ವರ್ಷ ಬಯಲಲ್ಲೇ ನಿಲ್ಲುತ್ತಿತ್ತು. ಬಿಸಿಲಿಗೆ ಟೈರು ಬಿರುಕು ಬಿಡುತ್ತೆ, ಮಳೆಗೆ ವೈರಿಂಗ್ ಹಾಳಾಗುತ್ತೆ. ಅದಕ್ಕಿಂತ ದೊಡ್ಡ ನಷ್ಟ ಬಿತ್ತನೆ ಕಾಲದಲ್ಲಿ. ರೋಟವೇಟರ್ ಬ್ಲೇಡಿನ ಬೋಲ್ಟು ಮುರಿದರೂ ಪೇಟೆಗೆ ಓಡಬೇಕು. ಒಂದು ದಿನ ಹೋದರೆ ನೆಲದ ಹದವೂ ಹೋಯ್ತು. ಹಾಗಾಗಿ ನಮಗೆ ಬೇಕಿದ್ದದ್ದು ಗಾಡಿ ನಿಲ್ಲಿಸೋ ನೆರಳು ಮಾತ್ರ ಅಲ್ಲ, ಸಣ್ಣಪುಟ್ಟ ರಿಪೇರಿ ನಾವೇ ಮಾಡಿಕೊಳ್ಳೋ ವರ್ಕ್‌ಶಾಪ್.

ಮೊದಲು ಕೇಳಿದ ಗುತ್ತಿಗೆದಾರರು 4,60,000 ರೂಪಾಯಿ ಅಂದರು. ಮುಂಭಾಗಕ್ಕೆ ಹೊಳೆಯೋ ಪ್ಯಾನಲ್, ಟೈಲ್ಸು ಎಲ್ಲ ಸೇರಿತ್ತು. ಅದನ್ನ ಒಪ್ಪಿದ್ದರೆ ಅಮ್ಮನ ಒಡವೆ ಗಿರವಿಗೆ ಹೋಗುತ್ತಿತ್ತು. ಚೆಂದಕ್ಕೋಸ್ಕರ ಒಡವೆ ಅಡ ಇಡೋದು ಯಾವ ಚೆಂದ? ಹಾಗಾಗಿ ಗುತ್ತಿಗೆ ಬಿಟ್ಟು, ಸಾಮಾನು ನಾವೇ ತಂದು, ಗಾರೆ ಮೇಸ್ತ್ರಿಗೂ ವೆಲ್ಡರಿಗೂ ಬೇರೆ ಬೇರೆ ಕೂಲಿ ಮಾತಾಡಿದೆವು.

ಒಂದೇ ಲೆಕ್ಕ ಇಟ್ಟುಕೊಳ್ಳಿ

ಪ್ರತಿ ಖರ್ಚಿಗೂ ಒಂದು ಪ್ರಶ್ನೆ ಕೇಳಿ: ಇದನ್ನ ಮುಂದಿನ ವರ್ಷ ಮಾಡಿಸೋಕೆ ಆಗುತ್ತಾ? ಬಣ್ಣ, ಟೈಲ್ಸು, ಕಪಾಟು ಯಾವಾಗ ಬೇಕಾದರೂ ಆಗುತ್ತೆ. ಪಾಯ, ನೆಲ, ಎತ್ತರ, ಬಾಗಿಲಿನ ಅಗಲ, ಅರ್ಥಿಂಗ್ ಆಗಲ್ಲ. ಆಮೇಲೆ ಬದಲಾಯಿಸಬೇಕಂದರೆ ಒಡೆದೇ ಮಾಡಬೇಕು. ಹಾಗಾಗಿ ಮೊದಲ ದುಡ್ಡು ಇವಕ್ಕೆ.

ಅಳತೆ

ನಮ್ಮದು 20 ಅಡಿ ಅಗಲ, 25 ಅಡಿ ಉದ್ದ. ಸಾಮಾನ್ಯ 40 ಎಚ್‌ಪಿ ಟ್ರ್ಯಾಕ್ಟರ್ ಸುಮಾರು 11 ಅಡಿ ಉದ್ದ, 6 ಅಡಿ ಅಗಲ ಬರುತ್ತೆ. ಹಿಂದೆ ರೋಟವೇಟರ್ ಕಟ್ಟಿದರೆ 15 ಅಡಿ ಹತ್ತಿರ. ಎರಡೂ ಬದಿಗೆ 3 ಅಡಿ ಓಡಾಡೋ ಜಾಗ ಬಿಟ್ಟರೆ ಟ್ರ್ಯಾಕ್ಟರಿಗೆ 12 ಅಡಿ ಆಯ್ತು. ಉಳಿದ 8 ಅಡಿಯಲ್ಲಿ ಕೆಲಸದ ಮೇಜು. ಹಿಂದುಗಡೆ ಸ್ಪ್ರೇಯರ್, ವೀಡರ್, ಮೇವು ಕತ್ತರಿಸೋ ಯಂತ್ರ.

ಬಾಗಿಲು 12 ಅಡಿ ಅಗಲ, 10 ಅಡಿ ಎತ್ತರ. ಇಲ್ಲಿ ಕಂಜೂಸು ಬೇಡ. ಇವತ್ತು ಕ್ಯಾನೋಪಿ ಇಲ್ಲ ಅಂತ 8 ಅಡಿಗೆ ಬಾಗಿಲು ಇಟ್ಟರೆ, ನಾಳೆ ಕ್ಯಾನೋಪಿ ಹಾಕಿಸಿದಾಗ ಟ್ರ್ಯಾಕ್ಟರ್ ಹೊರಗೇ ನಿಲ್ಲುತ್ತೆ. ರೋಲಿಂಗ್ ಶಟರ್ ಬದಲು ಪೈಪು, ಶೀಟಿನಲ್ಲಿ ಎರಡು ರೆಕ್ಕೆಯ ಬಾಗಿಲು ಮಾಡಿಸಿದೆವು. ನಮಗೆ ಅದೇ ಅಗ್ಗವಾಯ್ತು.

ನೆಲ

ಟ್ರ್ಯಾಕ್ಟರ್ ನಿಲ್ಲೋ 12 ಅಡಿಗೆ 6 ಇಂಚು ಕಾಂಕ್ರೀಟ್, ಮೇಜಿನ ಕಡೆಯ 8 ಅಡಿಗೆ 4 ಇಂಚು. ಎಲ್ಲ ಕಡೆ 6 ಇಂಚು ಹಾಕೋ ಅಗತ್ಯ ಇಲ್ಲ. ಸುಮಾರು 50 ಮೂಟೆ ಸಿಮೆಂಟ್ ಹಿಡಿಯಿತು. ಪ್ರತಿ 5 ಅಡಿಗೆ 1 ಇಂಚಿನಂತೆ ಬಾಗಿಲ ಕಡೆಗೆ ವಾಟ ಕೊಡಿಸಿ, ತೊಳೆದ ನೀರು ನಿಲ್ಲಬಾರದು. 10 ಅಡಿಗೊಂದು ಜಾಯಿಂಟ್ ಬಿಡಿಸಿ, ಇಲ್ಲಾಂದ್ರೆ ಕಾಂಕ್ರೀಟು ತನಗೆ ಬೇಕಾದ ಕಡೆ ಸೀಳುತ್ತೆ. ಕನಿಷ್ಠ 7 ದಿನ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿ. ಕಾಂಕ್ರೀಟಿನ ಪೂರ್ತಿ ಬಲದ ಲೆಕ್ಕ 28 ದಿನಕ್ಕೆ, ಅಲ್ಲೀವರೆಗೂ ಟ್ರ್ಯಾಕ್ಟರ್ ಹತ್ತಿಸಬೇಡಿ.

ಮಾಡು, ಗೋಡೆ

ಕೆಳಗೆ 3 ಅಡಿ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಶೀಟು. ಮಳೆ ನೀರು ಸಿಡಿದರೂ, ದನ ಉಜ್ಜಿದರೂ ಶೀಟಿಗೆ ಏನೂ ಆಗಲ್ಲ. ಮಾಡಿಗೆ ತೆಳು ಬಣ್ಣದ ಶೀಟು ತಗೊಳ್ಳಿ. ಕಡುಬಣ್ಣ ಬಿಸಿಲನ್ನ ಹೀರುತ್ತೆ, ಒಳಗೆ ನಿಂತು ವೆಲ್ಡಿಂಗ್ ಮಾಡೋದು ಕಷ್ಟ. ಗಾಳಿಗೆ ಹಾರದಂತೆ ಸ್ಕ್ರೂಗೆ ರಬ್ಬರ್ ವಾಷರ್ ಸಹಿತ ಬಿಗಿ ಮಾಡಿಸಿ.

ಸೂರಿಗೆ ನೀರಿನ ದೋಣಿ ಕಟ್ಟಿಸೋದು ಮರೀಬೇಡಿ. ನಮ್ಮ ಮಾಡು ಸುಮಾರು 55 ಚದರ ಮೀಟರ್. 50 ಮಿ.ಮೀ. ಮಳೆ ಬಂದರೆ ಎರಡೂವರೆ ಸಾವಿರ ಲೀಟರಿಗೂ ಹೆಚ್ಚು ನೀರು. ದನಕ್ಕೆ, ಸಾಮಾನು ತೊಳೆಯೋಕೆ ಆಯ್ತು.

ಕರೆಂಟು

ಪಂಪ್‌ಸೆಟ್ ಲೈನಿನಿಂದ ವೈರ್ ಎಳೆಯಬೇಡಿ. ಶೆಡ್ಡಿಗೇ ಬೇರೆ ಎಂಸಿಬಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಬೇರೆ ಅರ್ಥಿಂಗ್ ಹಾಕಿಸಿ. ಒದ್ದೆ ನೆಲದಲ್ಲಿ ನಿಂತು ಗ್ರೈಂಡರ್ ಹಿಡಿಯೋ ಜಾಗ ಇದು, ಜೀವದ ಪ್ರಶ್ನೆ. ವೆಲ್ಡಿಂಗ್ ಕಿಡಿ ಹಾರೋ ಕಡೆ ಡೀಸೆಲ್ ಕ್ಯಾನು, ತೆಂಗಿನ ಸಿಪ್ಪೆ ಇಡಬೇಡಿ. ಒಂದು ಬಕೆಟ್ ಮರಳು ಯಾವಾಗಲೂ ಕೈಗೆ ಸಿಗುವಂತಿರಲಿ.

ಚೆಂದ ಎಲ್ಲಿಂದ ಬಂತು?

ಅಮ್ಮನ ಮಾತಿಗೆ ಬರೋಣ. ರಸ್ತೆಯಿಂದ ಕಾಣೋದು ಮುಂಭಾಗ ಮಾತ್ರ. ಆದ್ದರಿಂದ ಚೆಂದದ ದುಡ್ಡನ್ನೆಲ್ಲ ಅಲ್ಲಿಗೇ ಹಾಕಿದೆವು.

ಮೊದಲನೆಯದು, ಮಾಡಿಗೆ ಎರಡು ಕಡೆ ಇಳಿಜಾರು. ಒಂದೇ ಕಡೆ ಇಳಿಜಾರು ಇದ್ದಿದ್ದರೆ ಸ್ವಲ್ಪ ಉಳಿಯುತ್ತಿತ್ತು. ಆದರೆ ನಮ್ಮ ಹೆಂಚಿನ ಮನೆಗೆ ಇದೇ ಹೊಂದುತ್ತೆ. ಎರಡನೆಯದು, ಹಳೇ ಕೊಟ್ಟಿಗೆ ಬಿಚ್ಚಿದಾಗ ಉಳಿದ ಎರಡು ಕಲ್ಲುಕಂಬ, ಚಪ್ಪಡಿ, ಮಂಗಳೂರು ಹೆಂಚು. ಮೇಜಿನ ಕಡೆಯ 8 ಅಡಿ ಮುಂಭಾಗಕ್ಕೆ 4 ಅಡಿಯ ಹೆಂಚಿನ ಚಾವಣಿ ಇಳಿಸಿ, ಕೆಳಗೆ ಚಪ್ಪಡಿಯ ಜಗುಲಿ ಮಾಡಿದೆವು. ಸಾಮಾನು ಮನೇದೇ, ಕೂಲಿ ಮಾತ್ರ ಕೊಟ್ಟದ್ದು. ಮೂರನೆಯದು, ಬಾಗಿಲಿಗೂ ಕಿಟಕಿಗೂ ಮನೆ ಬಾಗಿಲಿನದೇ ಬಣ್ಣ.

"ಇದಕ್ಕೆಲ್ಲ ದುಡ್ಡು ದಂಡ" ಅಂತಿದ್ದ ಅಪ್ಪ ಈಗ ಸಂಜೆ ಹೊತ್ತು ಕಾಯಿ ಸುಲಿಯೋದು ಆ ಜಗುಲಿ ಮೇಲೇ.

ಒಟ್ಟು ಖರ್ಚು

- ಪಾಯ, 3 ಅಡಿ ಗೋಡೆ: 42,000
- ನೆಲ: 46,000
- ಕಂಬ, ಮಾಡು, ಪಕ್ಕದ ಶೀಟು, ದೋಣಿ: 1,38,000
- ಬಾಗಿಲು, ಕಿಟಕಿ: 27,000
- ಕರೆಂಟು, ಅರ್ಥಿಂಗ್: 19,000
- ಜಗುಲಿ, ಹೆಂಚು, ಬಣ್ಣ: 16,000

ಒಟ್ಟು 2,88,000 ರೂಪಾಯಿ. ಉಳಿದ 12,000ದಲ್ಲಿ ಬೆಂಚ್ ವೈಸ್, ಡ್ರಿಲ್ಲಿಂಗ್ ಮಷಿನ್, ಸ್ಪ್ಯಾನರ್ ಸೆಟ್ ಬಂತು. ಚೆಂದಕ್ಕೆ ಹೋದದ್ದು ನೂರಕ್ಕೆ ಆರು ರೂಪಾಯಿಗಿಂತ ಕಡಿಮೆ. ಇದು ನಮ್ಮೂರಿನ ಲೆಕ್ಕ, ನಿಮ್ಮ ಕಡೆ ಕಬ್ಬಿಣ, ಜಲ್ಲಿ, ಕೂಲಿ ದರ ಬೇರೆ ಇರಬಹುದು. ಆದರೆ ಯಾವುದಕ್ಕೆ ಮೊದಲು ಅನ್ನೋದು ಬದಲಾಗಲ್ಲ.

ಒಳಗಡೆ ಇನ್ನೂ ಕೆಲಸ ಬಾಕಿ ಇದೆ. ಕಪಾಟು ಇಲ್ಲ, ಗೋಡೆಗೆ ಗಿಲಾವು ಇಲ್ಲ. ಮುಂದಿನ ಸಲ ಕೊಬ್ಬರಿ ಮಾರಿದಾಗ ನೋಡೋಣ.

ಈ ವಾರ ಮಾಡಬಹುದಾದ್ದು

ಮೇಸ್ತ್ರಿಯನ್ನ ಕರೆಯೋ ಮೊದಲು ಜಾಗದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿ. ರೋಟವೇಟರ್ ಕಟ್ಟಿಕೊಂಡೇ ಟ್ರ್ಯಾಕ್ಟರನ್ನ ಗೆರೆಯೊಳಗೆ ತಂದು ನಿಲ್ಲಿಸಿ, ರಿವರ್ಸ್ ತೆಗೆದು ನೋಡಿ. ಮೇಲೆ ಕರೆಂಟ್ ಲೈನ್ ಹಾದಿದೆಯಾ ನೋಡಿ, ಇದ್ದರೆ ಜಾಗ ಬದಲಾಯಿಸಿ. ಗ್ರಾಮಠಾಣಾ ಜಾಗವಾದರೆ ಪಂಚಾಯಿತಿಯಲ್ಲಿ ಅನುಮತಿ ಬಗ್ಗೆ ಕೇಳಿ. ಆಮೇಲೆ ಮನೆಯವರನ್ನೆಲ್ಲ ಕರೆದು ರಸ್ತೆಯಲ್ಲಿ ನಿಲ್ಲಿಸಿ, ಅಲ್ಲಿಂದ ಏನೇನು ಕಾಣುತ್ತೆ ಅಂತ ಕೇಳಿ. ಜಗಳ ಆಗೋದಿದ್ದರೆ ಸುಣ್ಣದ ಗೆರೆ ಮೇಲೆ ಆಗಲಿ, ಅಳಿಸಿ ಮತ್ತೆ ಹಾಕೋಕೆ ಖರ್ಚಿಲ್ಲ.